ನೋಡದ ನಾಲ್ಕು ದಿನ

9 ಜುಲೈ 2025, ಬುಧವಾರ

ತಂಗಿ ಮಗಳು ರಾಧಾಮಣಿ ಇವತ್ತು ನನ್ನ ಜಂಬ ಇಳಿಸಿಬಿಟ್ಟಳು. ಎದುರಾಳಿಗಳ ವೆಬ್‌ಸೈಟಲ್ಲಿ ದಿನಾ ಏನು ಬದಲಾಯ್ತು ಅಂತ ಅವಳ ಕಂಪನಿಯ ಸಾಫ್ಟ್‌ವೇರ್ ನೋಡಿ ಇಟ್ಟುಕೊಳ್ಳುತ್ತದಂತೆ. ಆ ಹಳೇ ದಾಖಲೆಯನ್ನು ಎಪಿಐ, ಅಂದ್ರೆ ಒಂದು ಕಂಪ್ಯೂಟರ್ ಇನ್ನೊಂದರಿಂದ ಮಾಹಿತಿ ಕೇಳೋ ದಾರಿಯಿಂದ, ತರಿಸಿಕೊಳ್ಳೋದು ಹೇಗೆ ಅಂತ ವಿವರಣೆ ಬರೆಯೋದು ಅವಳ ಕೆಲಸ. ಆ ಬರಹ ನಾಳೆ ಗ್ರಾಹಕರ ಕೈ ಸೇರಬೇಕು.

"ನಿಮಗೆ ಅರ್ಥ ಆದ್ರೆ ಎಲ್ರಿಗೂ ಆಗುತ್ತೆ ಮಾವ" ಅಂತ ಹೇಳಿ ಅದನ್ನ ಓದೋಕೆ ಶುರು ಮಾಡಿದಳು.

"ಇದೇನ್ ಮಹಾ? ನಮ್ಮ ನರ್ಸರಿ ಎದುರಿಗೆ ಖಾದರ್ ಬಾಷಾ ನರ್ಸರಿ ಇದೆಯಲ್ಲ, ಅಲ್ಲಿಗೆ ಯಾವ ಗಿಡ ಬಂತು ಅಂತ ಹನ್ನೊಂದು ವರ್ಷದಿಂದ ಒಂದು ದಿನ ಬಿಡದೆ ಬರ್ದಿಟ್ಟಿದೀನಿ ಕಣಮ್ಮ."

ಅದರದೇ ಒಂದು ಪುಟ ಉದಾಹರಣೆಗೆ ಹಾಕ್ತೀನಿ ಅಂದಳು. ಆಮೇಲೆ ತಾನು ಬರೆದದ್ದರಲ್ಲಿ ಒಂದು ಸಾಲು ಓದಿದಳು: ಸಾಫ್ಟ್‌ವೇರ್‌ಗೆ ನೋಡಲಾಗದ ದಿನಕ್ಕೆ 'ಬದಲಾವಣೆ ಇಲ್ಲ' ಅಂತ ಬರುವುದಿಲ್ಲ, 'ನೋಡಿಲ್ಲ' ಅಂತ ಬರುತ್ತದೆ.

"ಎರಡೂ ಒಂದೇ ಅಲ್ವೇನೇ?"

"ನೋಡದೇನೇ ಇಲ್ಲ ಅಂದ್ರೆ ಸುಳ್ಳಾಗುತ್ತೆ ಮಾವ."

ಎಂಥ ತಲೆ ಈ ಹುಡುಗೀದು. ನಮ್ಮೂರ ಸ್ಕೂಲಿನ ಮೇಷ್ಟ್ರೂ ಇಷ್ಟು ನೆಟ್ಟಗೆ ಹೇಳಿಕೊಟ್ಟಿರಲಿಲ್ಲ.

ಮೇ ತಿಂಗಳಲ್ಲಿ ನಾಲ್ಕು ದಿನ ಮದುವೆಗೆ ಅಂತ ಶಿರಾಗೆ ಹೋಗಿದ್ದೆ. ವಾಪಸ್ ಬಂದು ನಾಲ್ಕಕ್ಕೂ 'ಬದಲಾವಣೆ ಇಲ್ಲ' ಅಂತ ಗೀಚಿದ್ದೆ. ಈಗ ಅದನ್ನು ಹೊಡೆದುಹಾಕಿ 'ನೋಡಿಲ್ಲ' ಅಂತ ಬರೆದೆ. ನಾಳೆ ಇದೇ ಪುಟ ಕೊಡ್ತೀನಿ. ನಗ್ತಾಳೆ, ನಗಲಿ. ಉದಾಹರಣೆಗೆ ಇದಕ್ಕಿಂತ ಒಳ್ಳೇ ಪುಟ ಅವಳಿಗೆ ಎಲ್ಲೂ ಸಿಗಲ್ಲ.