‘ಅಲ್ವೇನೇ’ಗೆ ಗಂಟೆ ಬೇಡ

ಮಲ್ಲೇಶ್ವರಂ
ಶುಕ್ರವಾರ

ನಮ್ಮ ಭಾಷಣ ಕೂಟದ ಕಾರ್ಯದರ್ಶಿ ಆರಾಧನಾ ಅವರಿಗೆ ನಮಸ್ಕಾರ.

ಐ ಬೆಗ್ ಟು ಸ್ಟೇಟ್... ಇದರ ಮುಂದೆ ಕಾಲೇಜಿನಲ್ಲಿ ಏನೋ ಕಲಿಸಿದ್ದರು, ಮರೆತಿದೆ. ಭಾನುವಾರ ವಾರ್ಷಿಕೋತ್ಸವದಲ್ಲಿ ನನ್ನ ಮೊದಲ ಭಾಷಣವಲ್ಲವೇ? ಬೆಳಗಿನಿಂದ ಕನ್ನಡಿಯ ಮುಂದೆ ನಿಲ್ಲುವುದು, ಬಾಲ್ಕನಿಗೆ ಹೋಗುವುದು, ಮತ್ತೆ ಬಂದು ನಿಲ್ಲುವುದು, ಇದೇ ಆಗಿದೆ. ವಿಷಯ ಸಂಪಿಗೆ ರಸ್ತೆಯ ಹಳೆಯ ಮರಗಳು, ಅದು ಬಾಯಿಪಾಠವಾಗಿದೆ. ತೊಂದರೆ ಬೇರೆ.

ಬೇಡದ ಮಾತು ಬಂದರೆ ನೀವು ಗಂಟೆ ಬಾರಿಸುವುದು ಕೂಟದ ಪದ್ಧತಿ, ಸರಿಯೇ. ಕಳೆದ ವಾರದ ತಾಲೀಮಿನಲ್ಲಿ ನಾನು ವಾಕ್ಯಕ್ಕೊಂದು ‘ಅಲ್ವೇನೇ?’ ಅಂದೆ, ನೀವು ವಾಕ್ಯಕ್ಕೊಂದು ಗಂಟೆ ಹೊಡೆದಿರಿ. ಎದುರಿಗೆ ಕೂತಿದ್ದ ನಮ್ಮ ಕೂಟದ ಯಶಶ್ರೀ, “ಅಂಕಲ್, ಯಾರಿಗೆ ಏನೇ ಗೀನೇ ಅಂತಿದೀರಾ?” ಎಂದು ಸಿಡುಕಿದರು. ಅದು ಅವರಿಗಲ್ಲವೆಂದು ದಯವಿಟ್ಟು ತಿಳಿಸಿ.

ಮನೆಯಲ್ಲಿ ಪೇಪರ್ ಓದಿ ನಾನು ಏನು ಹೇಳಿದರೂ ಕೊನೆಗೆ ಅಡುಗೆಮನೆಯ ಕಡೆ ತಿರುಗಿ ‘ಅಲ್ವೇನೇ?’ ಅನ್ನುತ್ತಿದ್ದೆ. ನನ್ನ ಹೆಂಡತಿ ಸುಂದರಮ್ಮ ಒಳಗಿನಿಂದ ‘ಹೂಂ’ ಅಂದ ಮೇಲೆಯೇ ಮುಂದಿನ ಮಾತು. ಅವಳು ಹೋದ ಮೇಲೂ ಅಭ್ಯಾಸ ಹೋಗಿಲ್ಲ. ವೇದಿಕೆಯ ಮೇಲೂ ಕಾಯುತ್ತೇನೆ. ಅಷ್ಟರಲ್ಲಿ ಮುಂದಿನ ವಾಕ್ಯ ಮರೆತಿರುತ್ತದೆ. ಆ ಮೌನವನ್ನು ನೀವು ‘ಗುಡ್ ಪಾಜ್’ ಎಂದು ಹೊಗಳಿದಿರಿ.

ಬಿಡಲು ನೋಡಿದೆ. ಅದನ್ನು ಬಿಟ್ಟರೆ ಮಾತೇ ಹೊರಡುವುದಿಲ್ಲ. ಆದ್ದರಿಂದ ಒಂದು ಕೋರಿಕೆ: ಭಾನುವಾರ ಆ ಒಂದು ಮಾತಿಗೆ ಗಂಟೆ ಬೇಡ. ಅದರ ಬದಲು ಹಿಂದಿನಿಂದ ಯಾರಾದರೂ ಮೆಲ್ಲಗೆ ‘ಹೂಂ’ ಅಂದರೆ ಭಾಷಣ ಮುಗಿಸಿಬಿಡುತ್ತೇನೆ. ಗಂಡಸರಾದರೂ ಪರವಾಗಿಲ್ಲ. ಯಾರೆಂದು ನಾನು ತಲೆ ಎತ್ತಿ ನೋಡುವುದಿಲ್ಲ.

ಇಂತಿ, ಭಾನುವಾರ ಬೇಗನೇ ಬಂದು ಕೂರುವ,
ನಿಮ್ಮ ಶೀನಣ್ಣ