ಬೂಷ್ಟಾನ ಅಂಗಡಿಯ ನೀರು

ರಂಜಾನ್ ಹನ್ನೊಂದು, ಬುಧವಾರ. ಫೆಸ್ ಪಟ್ಟಣ.

ದಿನವಿಡೀ ನಡೆದು ಕಾಲು ಸೇದುತ್ತಿದೆ, ಆದರೂ ನಿದ್ದೆ ಬರುತ್ತಿಲ್ಲ. ಇವತ್ತಿನ ಪ್ರವಾಸಿ ಗುಂಪಿನಲ್ಲಿದ್ದ ಮಾರ್ಗಿಟ್ ಅಜ್ಜಿಯ ಬಿಳಿಚಿಕೊಂಡ ಮುಖ ಕಣ್ಣ ಮುಂದೆಯೇ ಇದೆ.

ಊರು ನೋಡಲು ಬರುವ ಪ್ರತಿ ಗುಂಪಿಗೂ ಬೆಳಗ್ಗೆ ಅದನ್ನೇ ಹೇಳುತ್ತೇನೆ. ಭುಜ ಮುಚ್ಚಿಕೊಳ್ಳಿ, ಕೇಳದೆ ಯಾರ ಫೋಟೊನೂ ತೆಗೀಬೇಡಿ, ಇದು ಉಪವಾಸದ ತಿಂಗಳು, ಜನರೆದುರು ತಿನ್ನಬೇಡಿ, ಕುಡೀಬೇಡಿ. ಹೇಳಿ ಹೇಳಿ ನನಗೇ ಸಾಕಾಗಿದೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಅಂದುಕೊಂಡಿದ್ದೆ. ಈ ಅಜ್ಜಿ ಹಾಕಿಕೊಂಡಿದ್ದಳು. ಚೀಲದಲ್ಲಿ ತುಂಬಿದ ಬಾಟಲಿ ಇಟ್ಟುಕೊಂಡೇ, ಬೆಳಗಿನಿಂದ ಒಂದು ಗುಟುಕೂ ಕುಡಿಯದೆ, ಮಸಾಲೆ ಬೀದಿಯ ಬಿಸಿಲಲ್ಲಿ ಕುಸಿದಳು.

ಅಲ್ಲೇ ಪಕ್ಕದ ಅಂಗಡಿಯ ಬೂಷ್ಟಾ ಆಕೆಯನ್ನು ಎತ್ತಿ ಒಳಗೆ ಕೂರಿಸಿ, ನನ್ನ ಮೇಲೆ ರೇಗಿದ.

"ಏನ್ ಗೈಡಮ್ಮಾ, ಏನ್ ಹೇಳಿ ಹೆದರಿಸಿದ್ದೀಯ ಈ ಅಜ್ಜೀನ? ಉಪವಾಸ ನಂದು. ಆಕೆ ನೀರು ಕುಡಿದ್ರೆ ನಂಗೇನಾಗತ್ತೆ?"

"ಬೀದೀಲಿ ಕುಡೀಬೇಡಿ ಅಂದಿದ್ದೆ ಅಷ್ಟೇ, ಮಾವ."

"ಅಷ್ಟೇ ಅಂತೆ! ಎಲ್ಲಿ ಕುಡೀಬೇಕು ಅಂತ ಹೇಳಿದ್ಯಾ?"

ಹೇಳಿರಲಿಲ್ಲ.

ಲೋಟ ಕೈಗೆ ಕೊಟ್ಟರೂ ಆಕೆ ಕುಡಿಯಲಿಲ್ಲ. ಬೂಷ್ಟಾನ ಒಣಗಿದ ತುಟಿಯನ್ನೇ ನೋಡುತ್ತಾ ಕೂತಳು. ಆತ ಗೋಡೆ ಕಡೆ ತಿರುಗಿ ನಿಂತುಬಿಟ್ಟ. ನಾನೂ ತಿರುಗಿದೆ. ಆಮೇಲೆ ಬೆನ್ನ ಹಿಂದೆ ಗಟಗಟ ಕುಡಿಯುವ ಸದ್ದು ಕೇಳಿಸಿತು.

ನಾಳೆ ಹೊಸ ಗುಂಪು. ಮತ್ತೆ ಅದೇ ಪಾಠ ಒಪ್ಪಿಸಬೇಕು. ಜೊತೆಗೆ ಇದನ್ನೂ ಹೇಳಬೇಕು: ಬಾಯಾರಿದರೆ ಬೂಷ್ಟಾನ ಅಂಗಡಿಗೆ ಹೋಗಿ, ಆತ ಗೋಡೆ ಕಡೆ ತಿರುಗಿ ನಿಲ್ಲುತ್ತಾನೆ, ನೀವು ನಿಧಾನಕ್ಕೆ ಕುಡೀರಿ.