ತಪ್ಪದ ಗುಂಡಿಗೆ ಒಂದು ಸುತ್ತು

ಜನವರಿ 9, ಬೆಳಿಗ್ಗೆ 6.10

ಗುಂಡಿಲ್ಲದ ಬಂದೂಕಿನಲ್ಲಿ ಅಭ್ಯಾಸ, ನಲವತ್ತು ನಿಮಿಷ. ಗೋಡೆಯ ಕಾಗದದ ಮೇಲೆ ಐದು ಕಪ್ಪು ಚುಕ್ಕೆ. ಮಲಗಿ ಹತ್ತು ಸರದಿ, ನಿಂತು ಹದಿನೈದು. ನಿಂತಾಗ ಐದನೆಯದಕ್ಕೆ ಬೆರಳು ಅವಸರಪಡುತ್ತದೆ. ಕೋಚ್ ಓಡ್ವಾರ್ ಆರು ವರ್ಷದಿಂದ ಹೇಳುತ್ತಿರುವುದೂ ಇದನ್ನೇ.

ಶನಿವಾರದ ಬಯಾಥ್ಲಾನ್ ಓಟದಲ್ಲಿ — ಹಿಮದ ಮೇಲೆ ಸ್ಕೀ, ನಡುವೆ ಎರಡು ಸಲ ಗುರಿಗೆ ಗುಂಡು — ಮೊದಲ ನಾಲ್ವರಿಗೆ ಯುರೋಪ್ ಪ್ರವಾಸದ ತಂಡದಲ್ಲಿ ಜಾಗ. ನನಗೆ ಇಪ್ಪತ್ನಾಲ್ಕು. ಹಿಂದೆ ಹತ್ತೊಂಬತ್ತರ ಹುಡುಗಿಯರು ಸಾಲುಗಟ್ಟಿದ್ದಾರೆ.

ಜನವರಿ 11, ಮಧ್ಯಾಹ್ನ

ಐದನೇ ಸ್ಥಾನ. ನಾಲ್ಕನೆಯವಳು ನಮ್ಮದೇ ಕ್ಲಬ್ಬಿನ ಸುನ್ನಿವಾ. ಅಂತರ ಒಂಬತ್ತು ಸೆಕೆಂಡ್.

ನಡೆದದ್ದನ್ನು ನಡೆದಂತೆ ಬರೆಯಬೇಕು. ಮಲಗಿ ಐದಕ್ಕೆ ಐದು. ನಿಂತು ನಾಲ್ಕು ಸರಿ. ಐದನೆಯದರಲ್ಲಿ ಟ್ರಿಗರ್ ಒರಟಾಗಿ ಎಳೆದೆ. ತಾಗಿದರೆ ಕಪ್ಪು ಗುರಿ ಬಿಳಿಯಾಗುತ್ತದೆ; ಆಯಿತೇ, ನೋಡಲಿಲ್ಲ. ನೋಡಲು ಅರ್ಧ ಸೆಕೆಂಡ್ ಬೇಕು. ತಪ್ಪಿದ ಪ್ರತಿ ಗುಂಡಿಗೆ ಒಂದು ದಂಡದ ಸುತ್ತು; ತಪ್ಪಿತು ಎಂದುಕೊಂಡು ಅದಕ್ಕೆ ಹೋದೆ. ನೂರೈವತ್ತು ಮೀಟರ್, ಇಪ್ಪತ್ಮೂರು ಸೆಕೆಂಡ್.

ಮುಗಿದ ಮೇಲೆ ಫಲಿತಾಂಶದ ಹಾಳೆ ನೋಡಿದೆ: ಗುಂಡು ತಾಗಿತ್ತು. ಐದೂ ಬಿಳಿ.

ಕೇಳಲು ಹೋದಾಗ ತೀರ್ಪುಗಾರ ಸಿಹಿ ದೋಸೆಯಂಥ ವಾಫಲ್ ತಿನ್ನುತ್ತಿದ್ದ. ಕೈ ಒರೆಸಿಕೊಂಡ. “ಹಾಕಬೇಕಾದ ಸುತ್ತು ಹಾಕದಿದ್ರೆ ಎರಡು ನಿಮಿಷ ಸೇರಿಸ್ತೀವಿ. ಜಾಸ್ತಿ ಹಾಕಿದವರಿಗೆ ವಾಪಸ್ ಕೊಡೋ ನಿಯಮ ಇಲ್ಲ ನೋಡು.”

ಜನವರಿ 12

ವ್ಯಾನಿನಲ್ಲಿ ಶೆಲ್ — ನಮ್ಮ ಸ್ಕೀಗಳಿಗೆ ಮೇಣ ಹಚ್ಚುವವನು — “ಯೊರುನ್, ನನ್ನ ಪಾಲಿಂದೂ ಒಂದು ಸುತ್ತು ಹಾಕಿಬಿಡ್ತೀಯಾ? ನಂಗೆ ಮಂಡಿ ನೋವು” ಎಂದ. ಎಲ್ಲರೂ ನಕ್ಕರು. ನಾನೂ. ಸುನ್ನಿವಾ ನಗಲಿಲ್ಲ. ಅರ್ಧ ಚಾಕೊಲೇಟ್ ಮುರಿದು ಕೊಟ್ಟಳು. ಅದು ಇನ್ನೂ ಕಷ್ಟ.

ಫೆಬ್ರವರಿ 2

ತರಬೇತಿ. ಬರೆಯುವಂಥದ್ದಿಲ್ಲ. ಸುನ್ನಿವಾ ಸ್ಲೊವಾಕಿಯಾದಿಂದ ಫೋಟೊ ಕಳಿಸಿದ್ದಾಳೆ. ಅಲ್ಲಿ ಬಿಸಿಲು.

ಫೆಬ್ರವರಿ 20, ಸಂಜೆ

ಓಡ್ವಾರ್ ಮನೆಗೆ ಬಂದ. ಕೈಯಲ್ಲಿ ಎರಡು ವರ್ಷದ ಕಾಗದಗಳು. ದಂಡದ ಸುತ್ತಿನ ಬಳಿ ನಿಂತು ಎಣಿಸುವವರು ಬರೆದಿಟ್ಟವು.

“ಕೂತ್ಕೋ. ಹೋದ ವರ್ಷ ಫೆಬ್ರವರಿಯಲ್ಲಿ ನಿಂದು ತಪ್ಪಿದ್ದು ಎರಡು. ಹಾಕಿದ ಸುತ್ತು ಮೂರು. ನವೆಂಬರಲ್ಲೂ ಒಂದು ಜಾಸ್ತಿ.”

ಹೋದ ಫೆಬ್ರವರಿಯಲ್ಲಿ ಆರನೆಯವಳು. ನಾಲ್ಕನೆಯವಳಿಗಿಂತ ಹದಿನಾಲ್ಕು ಸೆಕೆಂಡ್ ಹಿಂದೆ. ‘ಕಾಲಲ್ಲಿ ಶಕ್ತಿ ಸಾಲದು’ ಎಂದು ಆಗ ಈ ಡೈರಿಯಲ್ಲೇ ಬರೆದಿದ್ದೇನೆ. ಆ ಬೇಸಿಗೆ ಪೂರ್ತಿ ಗುಡ್ಡ ಹತ್ತಿದೆ. ಕಾಲು ಸರಿಯಾಗೇ ಇತ್ತು…

“ದುರ್ಬೀನು ಹಿಡಿದು ನಿಂತಿದ್ದವನು ನೀನು,” ಎಂದೆ. “ನೀನ್ಯಾಕೆ ಎಣಿಸಲಿಲ್ಲ?”

“ಗುರಿ ನೋಡ್ತಿದ್ದೆ. ಆಮೇಲೆ ನೀನೆಲ್ಲಿ ಹೋಗ್ತೀಯ ಅಂತ ನೋಡಬೇಕು ಅನಿಸಲಿಲ್ಲ. ಸುತ್ತು ಕದಿಯೋರನ್ನ ನೋಡಿದ್ದೀನಿ. ಇಲ್ಲದ್ದನ್ನ ಹಾಕೋರನ್ನ ನೋಡಿರಲಿಲ್ಲ.”

“ಆರು ವರ್ಷ, ಓಡ್ವಾರ್.”

“ಗೊತ್ತು.”

ಕಾಫಿ ಮುಗಿಸದೆ ಹೋದ. ಕಾಗದಗಳನ್ನು ಬಿಟ್ಟುಹೋದ. ಅದಕ್ಕಿಂತ ಹಿಂದಿನ ವರ್ಷಗಳವು ಸಿಕ್ಕಲಿಲ್ಲವಂತೆ. ಸಿಗದಿದ್ದರೇ ಒಳ್ಳೆಯದು.

ಮಾರ್ಚ್ 4

ಅಮ್ಮನ ಫೋನ್. “ಅಷ್ಟು ಬೇಜಾರಾದ್ರೆ ಬಿಟ್ಟುಬಿಡು ಮಗಳೇ.” ಬೇಜಾರಲ್ಲ, ಸಿಟ್ಟು ಎಂದೆ. ಯಾರ ಮೇಲೆ ಎಂದು ಕೇಳಿದಳು. ಸಿಗ್ನಲ್ ಇಲ್ಲ ಎಂದೆ.

ಮಾರ್ಚ್ 22, ಮಧ್ಯಾಹ್ನ 2.30, ಕಾರಿನಲ್ಲಿ

ವರ್ಷದ ಕೊನೆಯ ಓಟ ಮುಗಿಯಿತು. ಮೊದಲ ಎಂಟರಲ್ಲಿದ್ದರೆ ಪ್ರಾಂತ್ಯದ ತಂಡದಲ್ಲಿ ಇನ್ನೊಂದು ವರ್ಷ. ಇಲ್ಲದಿದ್ದರೆ ಇಲ್ಲ.

ಮಲಗಿ ಒಂದು ತಪ್ಪು, ಒಂದು ಸುತ್ತು. ನಿಂತು ಐದನೆಯದರಲ್ಲಿ ಟ್ರಿಗರ್ ಮತ್ತೆ ಒರಟು. ಈ ಸಲ ನಿಂತು ನೋಡಿದೆ. ಐದೂ ಬಿಳಿ. ದಂಡದ ಸುತ್ತನ್ನು ಎಡಕ್ಕೆ ಬಿಟ್ಟು ಮುಂದೆ ಹೋದೆ. ಕಡೆಯ ಎರಡೂವರೆ ಕಿಲೋಮೀಟರ್ ಪೂರ್ತಿ ಕಳ್ಳತನ ಮಾಡಿ ಓಡುತ್ತಿರುವಂತೆ. ಎರಡು ಸಲ ಹಿಂತಿರುಗಿ ನೋಡಿದೆ. ಅಲ್ಲಿ ಎಷ್ಟು ಸೆಕೆಂಡ್ ಹೋಯಿತೋ.

ಫಲಿತಾಂಶದ ಹಾಳೆ ನೋಡಲು ಹೋಗಲಿಲ್ಲ. ಓಡ್ವಾರ್ ಅದನ್ನು ಹಿಡಿದು ಬಂದ. ತೋರಿಸಲಿಲ್ಲ. ಕಿಟಕಿಗೆ ಬಗ್ಗಿದ.

“ನಿಂತು ಎಷ್ಟು ತಪ್ಪಿತು? ನೀನೇ ಹೇಳು.”

“ಒಂದೂ ಇಲ್ಲ.”

“ಖಚಿತವಾ?”

ಕಣ್ಣಾರೆ ನೋಡಿದ್ದೆ. ಆದರೂ ‘ಹೌದು’ ಎನ್ನುವ ಬದಲು ಡೈರಿ ತೆಗೆದೆ. ಇನ್ನೂ ಅಲ್ಲೇ ನಿಂತಿದ್ದಾನೆ, ಹಾಳೆ ಮಡಚಿಕೊಂಡು. ನಾನು ಇದನ್ನು ಬರೆಯುತ್ತ, ಆ ಐದು ಬಿಳಿಗಳನ್ನು ಮನಸ್ಸಿನಲ್ಲಿ ಮತ್ತೆ ಎಣಿಸುತ್ತಿದ್ದೇನೆ.